ಮಗಳ ಪಿರಿಯಡ್ಸ್ ಹತ್ತು ದಿನ ಆದ್ರೂ ನಿಲ್ಲುದಿಲ್ಲ, ಪ್ರಾಯದ್ದು ಅಂತ ಬಿಡ್ಬಹುದಾ?

ಸುರತ್ಕಲ್ ಅಮ್ಮ:

ನಮಸ್ಕಾರ ಎಲ್ರಿಗೂ. ಮಗಳಿಗೆ ಹದಿಮೂರು ವರ್ಷ, ಎಂಟನೇ ಕ್ಲಾಸ್, ದೊಡ್ಡವಳಾಗಿ ಒಂದು ವರ್ಷದ ಮೇಲಾಯ್ತು. ಶುರುವಿಗೆ ಎರಡು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಮೂರು ತಿಂಗಳಾದ ಮೇಲೆ, ಹಾಗೆಲ್ಲ ಬರ್ತಿತ್ತು, ಸಣ್ಣ ಪ್ರಾಯ ಅಲ್ವಾ ಅಂತ ನಾನು ತಲೆಬಿಸಿ ಮಾಡ್ಲಿಲ್ಲ. ಈಗ ಕೆಲವು ತಿಂಗಳಿಂದ ಬಂದ್ರೆ ನಿಲ್ಲುದೇ ಇಲ್ಲ, ಒಂಬತ್ತು ಹತ್ತು ದಿನ ಹೋಗ್ತದೆ, ಮೊದಲ ನಾಲ್ಕು ದಿನ ಅಂತೂ ದೊಡ್ಡ ಸೈಜಿನ ಪ್ಯಾಡ್ ಹಾಕಿ ಕಳಿಸಿದ್ರೂ ಎರಡನೇ ಕ್ಲಾಸ್ ಮುಗಿಯುದ್ರೊಳಗೆ ಒದ್ದೆ ಅಂತೆ. ಬಿಳಿ ಯೂನಿಫಾರ್ಮ್ ಇರುವ ದಿನ ಶಾಲೆಗೆ ಹೋಗುದೇ ಇಲ್ಲ ಅಂತ ಕೂತ್ಕೊಳ್ತಾಳೆ. ರಾತ್ರಿ ಹಾಸಿಗೆ ಮೇಲೆ ಹಳೆ ಬೈರಾಸು ಮಡಚಿ ಹಾಕಿ ಮಲಗುದು, ಬೆಳಿಗ್ಗೆ ನೋಡಿದ್ರೆ ಅದೂ ಒದ್ದೆ. ಗಂಟು ಗಂಟು ಬೇರೆ ಹೋಗ್ತದೆ.

ಮೊದಲು ಆಟ ಅಂದ್ರೆ ಊಟ ಬಿಡುವ ಹುಡುಗಿ, ಈಗ ಶಾಲೆಯಲ್ಲಿ ಎರಡನೇ ಮಹಡಿಗೆ ಹತ್ತಿದ್ರೆ ಎದೆ ಡಬ ಡಬ ಅಂತದೆ ಅಂತಾಳೆ. ಅದೂ ಅಲ್ಲದೆ ಒಂದು ವಿಚಿತ್ರ ಅಭ್ಯಾಸ ಶುರುವಾಗಿದೆ, ಅಡುಗೆ ಕೋಣೆಗೆ ಬಂದಾಗೆಲ್ಲ ಡಬ್ಬದಿಂದ ಹಸಿ ಬೆಳ್ತಿಗೆ ಅಕ್ಕಿ ಹಿಡಿಯಷ್ಟು ತೆಗ್ದು ಕರಕರ ತಿನ್ನುದು, ಬೈದ್ರೆ ಕದ್ದು ತಿಂತಾಳೆ. ಮೂಗಲ್ಲಿ ರಕ್ತ ಬರುದು ಸಣ್ಣದ್ರಿಂದಲೂ ಉಂಟು ಆದ್ರೆ ಅದು ಸೆಕೆಗೆ, ನಮ್ಮೂರ ಸೆಕೆ ಗೊತ್ತುಂಟಲ್ಲ.

ನಮ್ಮ ಅತ್ತೆ ಹೇಳುದು, ನಮ್ಮ ಕಡೆ ಹೆಂಗಸರಿಗೆಲ್ಲ ಹೀಗೇ, ನನಗೂ ಹೀಗೇ ಇತ್ತು, ಮದುವೆಯಾಗಿ ಎರಡು ಹೆತ್ತ ಮೇಲೆ ಸರಿಯಾಯ್ತು, ಹುಡುಗಿಯನ್ನು ಲೇಡಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ನೋಡಿದವರು ಎಂತ ಹೇಳಿಯಾರು ಅಂತ. ನಾದಿನಿ ಹೇಳುದು, ನೇಮ, ನಾಗಪೂಜೆ ಬಂದಾಗ ಡೇಟ್ ಮುಂದೆ ಹಾಕ್ಲಿಕ್ಕೆ ನಾವೆಲ್ಲ ತಗೊಳ್ತೇವಲ್ಲ ಆ ಮಾತ್ರೆ ನಾಲ್ಕು ದಿನ ಕೊಡು, ನಿಲ್ತದೆ ಅಂತ. ನನಗೆ ಮನಸ್ಸು ಬರುದಿಲ್ಲ. ಡಾಕ್ಟರ್ ಹತ್ರ ಹೋದ್ರೆ ಒಳಗೆಲ್ಲ ಪರೀಕ್ಷೆ ಮಾಡ್ತಾರಾ? ಹಾರ್ಮೋನ್ ಮಾತ್ರೆ ಕೊಟ್ರೆ ಮುಂದೆ ಮಕ್ಕಳಾಗುದಕ್ಕೆ ತೊಂದ್ರೆ ಉಂಟಾ? ದಯವಿಟ್ಟು ಗೊತ್ತಿದ್ದವರು ಹೇಳಿ.


ಕಂಕನಾಡಿ ಸಿಸ್ಟರ್:

ನಾನು ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿ ತುಂಬಾ ವರ್ಷ ಇದ್ದವಳು, ಈಗ ರಿಟೈರ್ಡ್. ತಂಗಿ, ನೀವು ಬರೆದದ್ರಲ್ಲಿ ಡೇಟ್ ಹಿಂದೆಮುಂದೆ ಆಗುದು ಒಂದು ವಿಷಯ, ರಕ್ತ ಹೋಗುವ ಪ್ರಮಾಣ ಬೇರೆಯೇ ವಿಷಯ, ಎರಡನ್ನೂ ಒಟ್ಟಿಗೆ ಸೇರಿಸಿ ಪ್ರಾಯದ್ದು ಅಂತ ಬಿಡುದು ಬೇಡ.

ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆಗಳು ಇನ್ನೂ ಸರಿಯಾಗಿ ಕೂತಿರುದಿಲ್ಲ, ಹಾಗಾಗಿ ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗುದಿಲ್ಲ. ಅಂಡ ಬಿಡುಗಡೆ ಆಗದಿದ್ರೆ ಪ್ರೊಜೆಸ್ಟರಾನ್ ಹುಟ್ಟುದಿಲ್ಲ, ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ದಪ್ಪ ಮಾಡ್ತಾ ಹೋಗ್ತದೆ, ಕೊನೆಗೆ ಅದು ಒಮ್ಮೆಲೇ ಸರಿಯಾಗಿ ಕಳಚದೆ ಇವತ್ತು ಸ್ವಲ್ಪ ನಾಳೆ ಸ್ವಲ್ಪ ಅಂತ ಕಿತ್ತು ಬರ್ತದೆ, ಅದಕ್ಕೇ ದಿನಗಟ್ಟಲೆ ಹೋಗುದು. ಇದು ತುಂಬಾ ಮಕ್ಕಳಿಗೆ ಆಗ್ತದೆ, ಹೆಚ್ಚಿನವರಿಗೆ ತನ್ನಿಂದ ತಾನೇ ಸರಿಯೂ ಆಗ್ತದೆ. ಈ ಪ್ರಾಯಕ್ಕೆ 21ರಿಂದ 45 ದಿನದೊಳಗೆ ಬಂದ್ರೆ, 7 ದಿನದೊಳಗೆ ನಿಂತ್ರೆ, ದಿನಕ್ಕೆ 3ರಿಂದ 6 ಪ್ಯಾಡ್ ಸಾಕಾದ್ರೆ ಅದು ಸರಿಯೇ. ಒಂದೆರಡು ಗಂಟೆಗೆ ಪ್ಯಾಡ್ ತುಂಬುದು, ರಾತ್ರಿ ಬೈರಾಸು ಒದ್ದೆ ಆಗುದು, ಏಳು ದಿನ ದಾಟುದು, ಇದು ಆ ಲೆಕ್ಕದಿಂದ ಹೊರಗೆ.

ಇನ್ನು ನೀವು ಸಣ್ಣ ವಿಷಯ ಅಂತ ಬರೆದದ್ದೇ ನನಗೆ ದೊಡ್ಡದಾಗಿ ಕಂಡದ್ದು. ಹಸಿ ಅಕ್ಕಿ ತಿನ್ನುದು ಕೆಟ್ಟ ಅಭ್ಯಾಸ ಅಲ್ಲ, ಮೈಯಲ್ಲಿ ಕಬ್ಬಿಣದ ಅಂಶ ಖಾಲಿಯಾದಾಗ ಕೆಲವರಿಗೆ ಅಕ್ಕಿ, ಮಣ್ಣು, ಚಾಕ್‌ಪೀಸ್, ಐಸ್ ಇದೆಲ್ಲ ತಿನ್ಬೇಕು ಅಂತ ಆಸೆ ಆಗ್ತದೆ. ಅವಳಿಗೆ ಬೈಬೇಡಿ. ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳುದೂ ಅದ್ರದ್ದೇ ಇರ್ಬಹುದು. ಮೂಗಿನ ರಕ್ತದ ಬಗ್ಗೆ ಸ್ವಲ್ಪ ಯೋಚನೆ ಮಾಡಿ ಹೇಳಿ, ಬಂದ್ರೆ ಹತ್ತು ನಿಮಿಷದೊಳಗೆ ನಿಲ್ತದಾ? ಹಲ್ಲು ಉಜ್ಜುವಾಗ ವಸಡಲ್ಲಿ ಬರ್ತದಾ? ಎಲ್ಲೂ ತಾಗದೆ ಕೈಕಾಲಲ್ಲಿ ನೀಲಿ ಕಲೆ ಬೀಳ್ತದಾ?

ಡಾಕ್ಟರ್ ಹತ್ರ ಹೋಗ್ಲೇಬೇಕು, ಈ ವಾರವೇ ಹೋಗಿ. ಒಳಗಿನ ಪರೀಕ್ಷೆ ಈ ಪ್ರಾಯದ ಹುಡುಗಿಯರಿಗೆ ಸಾಮಾನ್ಯವಾಗಿ ಮಾಡುದಿಲ್ಲ, ಬೇಕಾಗುದೂ ಇಲ್ಲ. ಬಿಪಿ, ನಾಡಿ, ಕಣ್ಣು ನಾಲಿಗೆ ನೋಡ್ತಾರೆ, ಹೊಟ್ಟೆ ಮುಟ್ಟಿ ನೋಡ್ತಾರೆ, ಸ್ಕ್ಯಾನಿಂಗ್ ಬೇಕಾದ್ರೆ ನೀರು ಕುಡಿಸಿ ಹೊಟ್ಟೆ ಮೇಲಿಂದಲೇ ಮಾಡ್ತಾರೆ. ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಬರೆದ್ರೆ ಬೇಜಾರು ಮಾಡ್ಬೇಡಿ, ಮುಟ್ಟು ಶುರುವಾದ ಎಲ್ಲರಿಗೂ ಅದು ಮೊದಲ ಟೆಸ್ಟ್, ನಿಮ್ಮ ಮಗಳ ಮೇಲೆ ಸಂಶಯ ಪಟ್ಟು ಬರೆಯುದಲ್ಲ. ಆಮೇಲೆ ರಕ್ತದ್ದು: ಹಿಮೋಗ್ಲೋಬಿನ್ ಒಂದೇ ಅಲ್ಲ, ಪ್ಲೇಟ್‌ಲೆಟ್ ಸಮೇತ ಪೂರ್ತಿ ಕೌಂಟ್, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟುಂಟು ಅಂತ ತೋರಿಸುವ ಫೆರಿಟಿನ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಟೆಸ್ಟ್. ಖರ್ಚಿನ ಚಿಂತೆ ಇದ್ರೆ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಯೇ ಉಂಟು, ಉಡುಪಿ ಕಡೆಯವರಿಗೆ ಅಜ್ಜರಕಾಡು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರ್ತದೆ, ಅದನ್ನೂ ವಿಚಾರಿಸಿ.

ಹೋಗುವ ತನಕ ಒಂದು ಕೆಲಸ ಮಾಡಿ. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಪ್ಯಾಡಿಗೆ ಮಾರ್ಕ್ ಬರೆದಿಡಿ, ಸ್ವಲ್ಪ ಕಲೆ ಆಗಿದ್ರೆ 1, ಅರ್ಧಂಬರ್ಧ ಒದ್ದೆ ಆದ್ರೆ 5, ಪೂರ್ತಿ ನೆನೆದಿದ್ರೆ 20. ಒಂದು ಸಲದ ಮುಟ್ಟು ಮುಗಿಯುವಾಗ 100 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಇದು 1990ರಿಂದ ಡಾಕ್ಟರುಗಳು ಉಪಯೋಗಿಸುವ ಪಟ್ಟಿ, ತುಂಬಾ ಹೋಗ್ತದೆ ಅಂತ ಬಾಯಲ್ಲಿ ಹೇಳುದಕ್ಕಿಂತ ಈ ಪುಸ್ತಕ ತೋರಿಸಿದ್ರೆ ಅವರಿಗೆ ಬೇಗ ಅಂದಾಜಾಗ್ತದೆ.

ಮತ್ತೆ ಇದೊಂದು ಮಾತ್ರ ಮರೀಬೇಡಿ, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಹಾಗೇ ಎರಡು ಗಂಟೆ ಮುಂದುವರಿದ್ರೆ, ತಲೆ ತಿರುಗಿ ಬಿದ್ರೆ, ಮುಖ ಬಿಳಿಚಿ ಕೈಕಾಲು ತಣ್ಣಗಾದ್ರೆ ಓಪಿಡಿ ಟೈಮ್ ಕಾಯುದು ಬೇಡ, ರಾತ್ರಿ ಆದ್ರೂ ಸೀದಾ ಕ್ಯಾಶುವಾಲ್ಟಿಗೆ.


ಬ್ರಹ್ಮಾವರ ಶೆಡ್ತಿ:

ಸಿಸ್ಟರ್ ಕೇಳಿದ ಮೂಗಿನ ರಕ್ತದ ವಿಷಯ ಓದಿ ಮೈ ಜುಂ ಅಂತು, ನಮ್ಮ ಮನೆ ಕಥೆಯೇ ಅದು. ನನ್ನ ಮಗಳಿಗೆ ವಾನ್ ವಿಲ್ಲೆಬ್ರಾಂಡ್ ಅಂತ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಒಂದು ತೊಂದ್ರೆ ಇರುದು, ಗೊತ್ತಾಗುವಾಗ ಅವಳಿಗೆ ಹದಿನಾಲ್ಕು. ಅಲ್ಲಿವರೆಗೆ ಮೂಗಲ್ಲಿ ರಕ್ತ ಬಂದ್ರೆ ಉಷ್ಣ, ಹಾಲುಹಲ್ಲು ಕಿತ್ತಾಗ ರಾತ್ರಿ ಇಡೀ ತಲೆದಿಂಬು ಕೆಂಪಾದ್ರೆ ನಾಲಿಗೆ ಹಾಕಿ ಚುಚ್ಚಿಕೊಂಡಿದ್ದಾಳೆ, ಕಾಲಲ್ಲಿ ನೀಲಿ ಕಲೆ ಕಂಡ್ರೆ ಆಟ ಜಾಸ್ತಿ, ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಮನೆಯಲ್ಲಿ ರೆಡಿ ಇತ್ತು. ಮುಟ್ಟು ಶುರುವಾದ ಮೇಲೆ ಎಲ್ಲ ಒಟ್ಟಿಗೆ ಬಂತು. ಮಣಿಪಾಲಕ್ಕೆ ಹೋದಾಗ ಅಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಮುಟ್ಟಿನ ಬಗ್ಗೆ ಅಲ್ಲವೇ ಅಲ್ಲ, ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ, ಹಲ್ಲು ತೆಗೆಸಿದಾಗ ರಕ್ತ ನಿಲ್ಲದೆ ಕಷ್ಟ ಆಗಿತ್ತಾ ಅಂತ. ಆಗ ನಮ್ಮವರು ತಲೆ ಎತ್ತಿ ಹೇಳಿದ್ದು, ನನ್ನ ಅಕ್ಕನಿಗೆ ಹೆರಿಗೆಯಲ್ಲಿ ಬಾಟ್ಲಿಗಟ್ಟಲೆ ರಕ್ತ ಕೊಟ್ಟಿದ್ರು ಅಂತ. ಮದುವೆಯಾಗಿ ಅಷ್ಟು ವರ್ಷ ನನಗೆ ಅದು ಗೊತ್ತೇ ಇರ್ಲಿಲ್ಲ!

ಹಾಗಾಗಿ ನಿಮ್ಮ ಅತ್ತೆ ಹೇಳಿದ ಮಾತು, ನಮ್ಮ ಕಡೆ ಹೆಂಗಸರಿಗೆಲ್ಲ ಹೀಗೇ ಅಂತ, ಅದು ಸಮಾಧಾನದ ಮಾತಲ್ಲ ಅಕ್ಕ, ಅದೇ ಸುಳಿವು. ಇದು ಹಿಮೋಫಿಲಿಯಾ ಹಾಗೆ ಹೆಚ್ಚಾಗಿ ಗಂಡುಮಕ್ಕಳಿಗೆ ಬರುದಲ್ಲ, ಗಂಡು ಹೆಣ್ಣು ಇಬ್ಬರಿಗೂ ಬರ್ತದೆ, ಅಪ್ಪನ ಕಡೆಯಿಂದಲೂ ಬರ್ತದೆ ಅಮ್ಮನ ಕಡೆಯಿಂದಲೂ ಬರ್ತದೆ. ಗಂಡಸರಿಗೆ ತಿಂಗಳು ತಿಂಗಳು ರಕ್ತ ಹೋಗುದಿಲ್ಲ ಅಲ್ವಾ, ಅದಕ್ಕೆ ಎಷ್ಟೋ ಅಪ್ಪಂದಿರಿಗೆ ತಮಗಿದ್ದದ್ದು ಗೊತ್ತೇ ಆಗುದಿಲ್ಲ.

ಆಮೇಲೆ ನಾನು ಕೂತು ಓದಿದೆ. ಫಿನ್ಲೆಂಡಿನ ಹತ್ರ ಓಲಂಡ್ ಅಂತ ದ್ವೀಪಗಳು ಉಂಟು, ಅಲ್ಲಿನ ಒಂದು ಕುಟುಂಬದ ಐದು ವರ್ಷದ ಹುಡುಗಿಯನ್ನು ಹೆಲ್ಸಿಂಕಿಗೆ ಎರಿಕ್ ವಾನ್ ವಿಲ್ಲೆಬ್ರಾಂಡ್ ಅನ್ನುವ ಡಾಕ್ಟರ್ ಹತ್ರ ಕರ್ಕೊಂಡು ಬಂದಿದ್ರು, ಅವಳ ಅಕ್ಕತಂಗಿಯರಲ್ಲಿ ಕೆಲವರು ರಕ್ತ ಹೋಗಿಯೇ ತೀರಿಕೊಂಡಿದ್ರು. ಅವರು 1926ರಲ್ಲಿ ಇದು ಬೇರೆ ಕಾಯಿಲೆ ಅಂತ ಬರೆದ್ರು, ಅವರ ಹೆಸರೇ ಕಾಯಿಲೆಗೆ ಬಂತು. ಆ ಹುಡುಗಿ ಮಾತ್ರ ಹದಿಮೂರನೇ ಪ್ರಾಯದಲ್ಲಿ ನಾಲ್ಕನೇ ಸಲದ ಮುಟ್ಟಿನಲ್ಲಿ ರಕ್ತ ನಿಲ್ಲದೆ ಹೋಗಿಬಿಟ್ಳು. ಅದನ್ನು ಓದಿದ ದಿನ ನನಗೆ ಊಟ ಸೇರ್ಲಿಲ್ಲ. ಈಗ ಅದಕ್ಕೆಲ್ಲ ಮದ್ದು ಉಂಟು, ನನ್ನ ಮಗಳು ಪಿಯುಸಿ ಮಾಡ್ತಾ ಇದ್ದಾಳೆ, ಮುಟ್ಟಿನ ದಿನಗಳಿಗೆ ಮಾತ್ರ ಮಾತ್ರೆ, ಬಾಕಿ ದಿನ ಏನಿಲ್ಲ, ತ್ರೋಬಾಲ್ ಆಡ್ತಾಳೆ. ಹಲ್ಲಿನ ಡಾಕ್ಟರ್ ಹತ್ರ ಹೋಗುವಾಗ, ಆಪರೇಶನ್ ಏನಾದ್ರೂ ಇದ್ರೆ ಮೊದಲೇ ಹೇಳ್ಬೇಕು, ಅದಕ್ಕೆ ಅವಳ ಪರ್ಸಲ್ಲಿ ಒಂದು ಕಾರ್ಡ್ ಬರೆದು ಇಟ್ಟಿದ್ದೇವೆ.


ಕಾರ್ಕಳ ದೊಡ್ಡಮ್ಮ:

ಎಲ್ಲರೂ ಸೇರಿ ಆ ತಾಯಿಯನ್ನು ಹೆದರಿಸ್ಬೇಡಿ. ನಮ್ಮ ಕಾಲದಲ್ಲಿ ಬಟ್ಟೆ ಕಟ್ಟಿಕೊಂಡು ಗದ್ದೆ ಕೆಲಸ ಮಾಡಿದವರು ನಾವು, ಎಲ್ಲದಕ್ಕೂ ಟೆಸ್ಟ್ ಇರ್ಲಿಲ್ಲ. ಮಗುವಿಗೆ ಮೊದಲು ಹೊಟ್ಟೆಗೆ ಸರಿಯಾಗಿ ಕೊಡಿ. ಈಗಿನ ಮಕ್ಕಳು ಬೆಳಿಗ್ಗೆ ಬಿಸ್ಕಿಟು ಚಾ ಕುಡಿದು ಓಡುದು, ಮಧ್ಯಾಹ್ನ ಶಾಲೆಯಲ್ಲಿ ಅರ್ಧ ಬಿಸಾಡುದು. ಹರಿವೆ ಪಲ್ಯ, ಹುರುಳಿ ಸಾರು, ಒಂದೆಲಗದ ಚಟ್ನಿ, ರಾಗಿ ಮಣ್ಣಿ ಕೊಡಿ, ಮೀನು ತಿನ್ನುವವರಾದ್ರೆ ಮರುವಾಯಿ ಪುಂಡಿ ಮಾಡಿ ಕೊಡಿ, ಬೂತಾಯಿ ಕೊಡಿ. ಬಿಳಿ ದಾಸವಾಳದ ಮೊಗ್ಗು ಹಾಲಲ್ಲಿ ಅರೆದು ನಮ್ಮ ಅಜ್ಜಿ ಕೊಡ್ತಿದ್ರು, ಅಶೋಕಾರಿಷ್ಟವೂ ಒಳ್ಳೆಯದು. ಆ ಪ್ರಾಯದಲ್ಲಿ ಹಾರ್ಮೋನ್ ಅಂತ ಹೇಳಿ ಮಕ್ಕಳ ಮೈಗೆ ತುಂಬಿಸುದು ನನಗೆ ಸರಿ ಕಾಣುದಿಲ್ಲ, ಇದು ನನ್ನ ಅಭಿಪ್ರಾಯ.


ಕಂಕನಾಡಿ ಸಿಸ್ಟರ್:

ದೊಡ್ಡಮ್ಮ, ನೀವು ಹೇಳಿದ ಊಟದ ಒಂದು ಮಾತನ್ನೂ ನಾನು ತೆಗೆದುಹಾಕುದಿಲ್ಲ, ಮರುವಾಯಿಯಲ್ಲಿ ಕಬ್ಬಿಣ ಧಾರಾಳ ಉಂಟು, ಬಿಸ್ಕಿಟು ಚಾದ ವಿಷಯವೂ ನೂರಕ್ಕೆ ನೂರು ಸರಿ, ಊಟದೊಟ್ಟಿಗೆ ಚಾ ಕುಡಿದ್ರೆ ಕಬ್ಬಿಣ ಮೈಗೆ ಹತ್ತುದಿಲ್ಲ. ಆದ್ರೆ ಈ ಹುಡುಗಿಗೆ ಈಗ ತಿಂಗಳು ತಿಂಗಳು ಹೋಗುವಷ್ಟನ್ನು ಊಟದಿಂದ ತುಂಬಿಸ್ಲಿಕ್ಕೆ ಹೊರಟ್ರೆ ಅದು ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಮೊದಲು ಹೋಗುದು ನಿಲ್ಬೇಕು. ಆಯುರ್ವೇದಕ್ಕೇ ಹೋಗುದಾದ್ರೂ ರಕ್ತದ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ಒಳ್ಳೆ ಆಯುರ್ವೇದ ಡಾಕ್ಟರ್ ಹತ್ರ ಹೋಗಿ, ಬಾಟ್ಲಿ ತಂದು ಮನೆಯಲ್ಲೇ ಕುಡಿಸುದು ಬೇಡ.

ನಮ್ಮ ಕಾಲದಲ್ಲಿ ಆಗ್ತಿತ್ತು ಅಂದ್ರಲ್ಲ, ಆಗ್ತಿತ್ತು ನಿಜ, ರಕ್ತ ಇಲ್ಲದೆ ಸೋತು ಹೋದ ಹುಡುಗಿಯರೂ ಇದ್ರು, ಸೋಮಾರಿ ಅಂತ ಹೆಸರು ಕಟ್ಟಿಕೊಂಡು ಬದುಕಿದ್ರು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ. ಅಷ್ಟು ಜನರಿಗೂ ಮುಟ್ಟೇ ಕಾರಣ ಅಂತ ನಾನು ಹೇಳುದಿಲ್ಲ, ಆದ್ರೆ ಹುಡುಗಿ ಸುಸ್ತು ಅಂದಾಗ ನಿನಗೆ ಮುಟ್ಟು ಎಷ್ಟು ದಿನ ಹೋಗ್ತದೆ ಅಂತ ಕೇಳುವವರು ಮನೆಯಲ್ಲೂ ಕಡಿಮೆ ಆಸ್ಪತ್ರೆಯಲ್ಲೂ ಕಡಿಮೆ, ಇದು ನಾನು ಕಣ್ಣಾರೆ ಕಂಡದ್ದು.

ಬ್ರಹ್ಮಾವರದವರು ಹೇಳಿದ್ದಕ್ಕೂ ಒಂದು ಸೇರಿಸ್ತೇನೆ. ಜನಸಾಮಾನ್ಯರಲ್ಲಿ ರಕ್ತ ಹೆಪ್ಪುಗಟ್ಟುವ ತೊಂದ್ರೆ ಇರುದು ನೂರಕ್ಕೆ ಒಬ್ಬಿಬ್ಬರಿಗೆ, ಆದ್ರೆ ತುಂಬಾ ರಕ್ತ ಹೋಗುವ ಹದಿಹರೆಯದ ಹುಡುಗಿಯರನ್ನು ಮಾತ್ರ ತಗೊಂಡ್ರೆ ಸುಮಾರು ಐದರಲ್ಲಿ ಒಬ್ಬಳಿಗೆ ಸಿಗ್ತದೆ. ಐದರಲ್ಲಿ ನಾಲ್ಕು ಜನರಿಗೆ ಇಲ್ಲ ಅನ್ನುದೂ ಅಷ್ಟೇ ನಿಜ, ಹಾಗಾಗಿ ಈಗಲೇ ಇಂಥದ್ದೇ ಅಂತ ಯಾರೂ ತೀರ್ಮಾನ ಮಾಡುದು ಬೇಡ.


ಹಂಪನಕಟ್ಟೆ ಮೆಡಿಕಲ್:

ನಾನು ಫಾರ್ಮಸಿಸ್ಟ್. ನಾದಿನಿ ಹೇಳಿದ ಮಾತ್ರೆ ಬಗ್ಗೆ ಬರೀತೇನೆ ಯಾಕಂದ್ರೆ ದಿನಾ ಕೌಂಟರಿಗೆ ಯಾರಾದ್ರೂ ಬಂದು ವಾಟ್ಸಪ್ಪಲ್ಲಿ ಸ್ಟ್ರಿಪ್ಪಿನ ಫೋಟೋ ತೋರಿಸಿ ಇದು ಒಂದು ಹತ್ತು ಕೊಡಿ ಅಂತಾರೆ, ನಾಗರಪಂಚಮಿ ಹತ್ರ ಬಂದ್ರೆ ಇನ್ನೂ ಜಾಸ್ತಿ. ಅದು ನಾರೆಥಿಸ್ಟಿರೋನ್, ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್. ಡಾಕ್ಟರುಗಳೂ ಇದೇ ತೊಂದ್ರೆಗೆ ಅದನ್ನು ಬರೀತಾರೆ, ಮಾತ್ರೆ ಕೆಟ್ಟದ್ದಲ್ಲ. ಆದ್ರೆ ಎಷ್ಟು, ಎಷ್ಟು ದಿನ, ಹೇಗೆ ಇಳಿಸುದು ಅಂತ ಒಂದು ಲೆಕ್ಕ ಉಂಟು. ನಾಲ್ಕು ದಿನ ಕೊಟ್ಟು ನಿಲ್ಲಿಸಿದ್ರೆ ಎರಡು ಮೂರು ದಿನದಲ್ಲಿ ಮತ್ತೆ ರಕ್ತ ಶುರುವಾಗ್ತದೆ, ಅದು ಆ ಮದ್ದು ಬಿಟ್ಟಾಗ ಬರ್ಲೇಬೇಕಾದದ್ದು, ಮನೆಯವರಿಗೆ ಗೊತ್ತಿರುದಿಲ್ಲ, ಮಾತ್ರೆ ಹಿಡೀಲಿಲ್ಲ ಅಂತ ಇನ್ನೊಂದು ಸ್ಟ್ರಿಪ್ ತಗೊಂಡು ಹೋಗ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇದ್ದು ರಕ್ತ ಹೋಗ್ತಾ ಇದ್ರೆ ಆ ನಿಜವಾದ ಕಾರಣ ಗೊತ್ತಾಗದೆ ಆ ಸಂದಿಯಲ್ಲಿ ಅಡಗಿ ಕೂರ್ತದೆ.

ಟ್ರಾನೆಕ್ಸಾಮಿಕ್ ಆಸಿಡ್ ಅಂತ ಇನ್ನೊಂದು ಉಂಟು, ಅದು ಹಾರ್ಮೋನ್ ಅಲ್ಲ. ಮೈಯಲ್ಲಿ ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ತಡೀತದೆ, ಮುಟ್ಟಿನ ದಿನಗಳಲ್ಲಿ ಮಾತ್ರ, ಹೆಚ್ಚೆಂದ್ರೆ ಐದು ದಿನ ಕೊಡುದು. ಜಪಾನಿನ ಒಕಾಮೊಟೊ ದಂಪತಿ, ಉಟಾಕೊ ಮತ್ತು ಶೊಸುಕೆ, 1962ರಲ್ಲಿ ಇದನ್ನು ಕಂಡುಹಿಡಿದದ್ದು, ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ಹೆಂಗಸರನ್ನು ಉಳಿಸ್ಬೇಕು ಅಂತ ಆ ಉಟಾಕೊ ಮೇಡಂ ಜೀವನ ಇಡೀ ಹಠ ಹಿಡಿದಿದ್ರು. ಒಳ್ಳೆ ಮದ್ದು, ಆದ್ರೂ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ಇರುವವರಿಗೆ, ಕಿಡ್ನಿ ತೊಂದ್ರೆ ಇರುವವರಿಗೆ ಹಾಗೆಲ್ಲ ಕೊಡ್ಲಿಕ್ಕಾಗುದಿಲ್ಲ, ಚೀಟಿ ಇಲ್ಲದೆ ಕೇಳ್ಬೇಡಿ.

ಹೊಟ್ಟೆನೋವಿಗೆ ಎಲ್ಲರೂ ತಗೊಳ್ಳುವ ಮೆಫೆನಾಮಿಕ್ ಆಸಿಡ್ ಮಾತ್ರೆ, ಐಬುಪ್ರೊಫೆನ್, ಇವು ಪ್ಲೇಟ್‌ಲೆಟ್ಟಿನ ಕೆಲಸವನ್ನು ಸ್ವಲ್ಪ ಕುಗ್ಗಿಸ್ತವೆ. ಬೇರೆ ಹುಡುಗಿಯರಿಗೆ ಪರವಾಗಿಲ್ಲ, ನೋವಿನ ಜೊತೆ ರಕ್ತವೂ ಸ್ವಲ್ಪ ಕಡಿಮೆ ಆಗ್ತದೆ, ಆದ್ರೆ ನಿಮ್ಮ ಮಗಳಿಗೆ ಮೂಗಲ್ಲೂ ಬರ್ತದೆ ಅಂದ ಮೇಲೆ ಟೆಸ್ಟ್ ಆಗುವ ತನಕ ಅದು ಬೇಡ, ಆಸ್ಪಿರಿನ್ ಅಂತೂ ಬೇಡವೇ ಬೇಡ. ನೋವಿದ್ರೆ ಪ್ಯಾರಸಿಟಮಾಲ್, ಬಿಸಿನೀರಿನ ಬ್ಯಾಗ್.

ಮಕ್ಕಳಾಗುದಿಲ್ಲ ಅನ್ನುವ ಹೆದರಿಕೆ ಬಗ್ಗೆ: ಇಲ್ಲ, ಹಾರ್ಮೋನ್ ಮಾತ್ರೆಯಿಂದ ಬಂಜೆತನ ಬರುದಿಲ್ಲ. ಗರ್ಭನಿರೋಧಕ ಮಾತ್ರೆಯನ್ನೇ ಈ ತೊಂದ್ರೆಗೆ ಕೆಲವು ತಿಂಗಳು ಕೊಡುದು ಸಾಮಾನ್ಯ, ಹೆಸರು ಕೇಳಿ ಮನೆಯಲ್ಲಿ ಬೊಬ್ಬೆ ಹಾಕ್ಬೇಡಿ. ಕಣ್ಣೆದುರು ಬೆಳಕು ಮಿಂಚಿದ ಹಾಗಾಗಿ ಬರುವ ಮೈಗ್ರೇನ್ ತಲೆನೋವು, ಮನೆಯಲ್ಲಿ ಯಾರಿಗಾದ್ರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇದು ಇದ್ರೆ ಡಾಕ್ಟರಿಗೆ ಮೊದಲೇ ಹೇಳಿ.


ದೇರಳಕಟ್ಟೆ ಸ್ಟೂಡೆಂಟ್:

ಆಂಟಿ, ನಾನು ಹುಡುಗಿ ಕಡೆಯಿಂದ ಹೇಳ್ತೇನೆ. ನನಗೆ ಹದಿನೈದರಲ್ಲಿ ಇದೇ ಆಗಿ ಒಂದು ಕಡೆ ಸ್ಕ್ಯಾನ್ ಮಾಡಿ ಪಿಸಿಒಡಿ (ಪಿಸಿಒಎಸ್ ಅಂತಲೂ ಹೇಳ್ತಾರೆ, ಹಾರ್ಮೋನ್ ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿ ಆಗುವ ತೊಂದ್ರೆ) ಅಂತ ಬರೆದು ತೂಕ ಇಳಿಸು ಅಂತ ಕಳಿಸಿದ್ರು, ಎರಡು ವರ್ಷ ಅನ್ನ ಬಿಟ್ಟು ಬರೀ ತಲೆನೋವು, ಕೊನೆಗೆ ಬೇರೆ ಡಾಕ್ಟರ್ ಟಿಎಸ್‌ಎಚ್ ಅನ್ನುವ ರಕ್ತದ ಟೆಸ್ಟ್ ಮಾಡಿಸಿದಾಗ ಥೈರಾಯ್ಡ್ ಕಡಿಮೆ ಇದ್ದದ್ದು ಗೊತ್ತಾಯ್ತು, ಮಾತ್ರೆ ಶುರು ಮಾಡಿದ ಮೇಲೆ ಪಿರಿಯಡ್ಸ್ ಲೈನಿಗೆ ಬಂತು. ಟೀನೇಜಲ್ಲಿ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ತುಂಬಾ ಕಾಣುದು ನಾರ್ಮಲ್ ಅಂತೆ, 2023ರ ಇಂಟರ್‌ನ್ಯಾಶನಲ್ ಗೈಡ್‌ಲೈನಲ್ಲಿ ಸ್ಪಷ್ಟ ಉಂಟು, ದೊಡ್ಡವಳಾಗಿ 8 ವರ್ಷ ಆಗುವ ತನಕ ಸ್ಕ್ಯಾನ್ ನೋಡಿ ಪಿಸಿಒಎಸ್ ಅಂತ ಹೇಳ್ಬಾರ್ದು ಅಂತ. ಪಿಸಿಒಎಸ್ ಇರುವವರೂ ಇದ್ದಾರೆ, ನನ್ನ ರೂಮ್‌ಮೇಟಿಗೆ ಉಂಟು, ಅವಳಿಗೆ ಗಲ್ಲದಲ್ಲಿ ಕೂದಲು ಮೊಡವೆ ಎಲ್ಲ ಜೊತೆಗೆ ಇತ್ತು. ಸ್ಕ್ಯಾನ್ ರಿಪೋರ್ಟಲ್ಲಿ ಆ ಹೆಸರು ಬಂದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ ಅಂತ ಹೇಳುದು.

ಮತ್ತೆ ಡಾಕ್ಟರ್ ಐದು ನಿಮಿಷ ಅಮ್ಮ ಹೊರಗೆ ಕೂರ್ಲಿ ಅಂತ ಹೇಳ್ಬಹುದು. ಬೇಸರ ಮಾಡ್ದೆ ಕೂರಿ. ನನಗೆ ಆಗ ಹೇಳ್ಲಿಕ್ಕೆ ಎಷ್ಟೋ ಇತ್ತು, ಅಮ್ಮನ ಎದುರು ಬಾಯಿ ಬರುದಿಲ್ಲ, ಅಮ್ಮನೇ ಎಲ್ಲದಕ್ಕೂ ಉತ್ತರ ಕೊಡ್ತಿದ್ರು, ಎಷ್ಟು ಪ್ಯಾಡ್ ಅಂತ ಕೇಳಿದ್ರೆ ಮೂರು ನಾಲ್ಕು ಅಂತ ಅಮ್ಮ ಹೇಳುದು, ನಾನು ಪ್ಯಾಡ್ ಬೇಗ ಖಾಲಿ ಆಗ್ತದೆ ಅಂತ ಬೈತಾರೆ ಅಂತ ಹೆದರಿ ಎರಡೆರಡು ಒಟ್ಟಿಗೆ ಹಾಕಿಕೊಂಡು ಒಂದರ ಲೆಕ್ಕ ಕೊಡ್ತಿದ್ದೆ. ಶಾಲೆಯಲ್ಲಿ ಕ್ಲಾಸ್ ಟೀಚರ್ ಹತ್ರ ನೀವೇ ಹೋಗಿ ಮಾತಾಡಿ, ಕೇಳಿದಾಗ ಟಾಯ್ಲೆಟ್ಟಿಗೆ ಬಿಡ್ಬೇಕು, ಬಾಗಿಲ ಹತ್ರದ ಬೆಂಚಲ್ಲಿ ಕೂರಿಸ್ಬೇಕು ಅಂತ. ಒಂದು ಪೌಚಲ್ಲಿ ಪ್ಯಾಡ್, ಒಳಉಡುಪು, ಕಪ್ಪು ಲೆಗ್ಗಿನ್ಸ್ ಹಾಕಿ ಬ್ಯಾಗಲ್ಲೇ ಇರ್ಲಿ. ಅಷ್ಟು ಇದ್ರೆ ಬಿಳಿ ಯೂನಿಫಾರ್ಮಿಗೂ ಹೆದರಿಕೆ ಅರ್ಧ ಕಡಿಮೆ.


ಸುರತ್ಕಲ್ ಅಮ್ಮ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಬರೀಲಿಕ್ಕೆ ತಡ ಆಯ್ತು. ಹೋಗಿ ಬಂದೆವು. ಪುಸ್ತಕದಲ್ಲಿ ಮಾರ್ಕ್ ಬರೆದದ್ದು ಎರಡನೇ ದಿನ ರಾತ್ರಿಯೇ ನೂರು ದಾಟಿತ್ತು, ಡಾಕ್ಟರ್ ಅದನ್ನು ನೋಡಿದ ಮೇಲೆ ಬೇರೆ ಪ್ರಶ್ನೆಯೇ ಹೆಚ್ಚು ಕೇಳ್ಲಿಲ್ಲ, ಸೀದಾ ರಕ್ತ ಬರೆದ್ರು. ಹಿಮೋಗ್ಲೋಬಿನ್ 8.2, ಫೆರಿಟಿನ್ 5, ಎರಡೂ ತುಂಬಾ ಕಡಿಮೆ. ಪ್ಲೇಟ್‌ಲೆಟ್ ಸರಿ ಉಂಟು, ಥೈರಾಯ್ಡ್ ಸರಿ ಉಂಟು, ಸ್ಕ್ಯಾನಲ್ಲಿ ಏನಿಲ್ಲ. ರಕ್ತ ಕೊಡುದು ಸದ್ಯಕ್ಕೆ ಬೇಡ ಅಂದ್ರು, ಕಬ್ಬಿಣದ ಮಾತ್ರೆ, ಮುಟ್ಟಿನ ದಿನಕ್ಕೆ ಟ್ರಾನೆಕ್ಸಾಮಿಕ್, ಜೊತೆಗೆ ಮೂರು ತಿಂಗಳಿಗೆ ಹಾರ್ಮೋನ್ ಕೊಡುವ ಆಲೋಚನೆ ಉಂಟಂತೆ. ಮೂಗಿನ ರಕ್ತ ಒಮ್ಮೊಮ್ಮೆ ಅರ್ಧ ಗಂಟೆ ಹೋಗ್ತದೆ ಅಂತ ಮಗಳೇ ಹೇಳಿದ್ಳು, ನಾನು ಹೊರಗೆ ಕೂತಿದ್ದಾಗ. ಅದಕ್ಕೆ ಹಾರ್ಮೋನ್ ಶುರು ಮಾಡುವ ಮೊದಲು ವಾನ್ ವಿಲ್ಲೆಬ್ರಾಂಡ್ ಟೆಸ್ಟಿಗೆ ಬರೆದುಕೊಟ್ಟಿದ್ದಾರೆ, ನಮ್ಮವರಿಗೂ ಮಾಡಿಸಿ ಅಂದ್ರು. ಅತ್ತೆ ಮೊದಲು ಮುಖ ತಿರುಗಿಸಿದ್ರು, ರಿಪೋರ್ಟ್ ಓದಿ ಹೇಳಿದ ಮೇಲೆ ಅವರೇ ಒಂದೊಂದಾಗಿ ಹೇಳ್ಲಿಕ್ಕೆ ಶುರು ಮಾಡಿದ್ರು, ಅವರ ತಂಗಿಗೆ ಹೆರಿಗೆಯಾದ ಮೇಲೆ ಎಂತ ಆಗಿತ್ತು ಅಂತ. ಈಗ ಪ್ರಶ್ನೆ, ಈ ಟೆಸ್ಟ್ ಮನೆ ಹತ್ರದ ಲ್ಯಾಬಲ್ಲಿ ಕೊಟ್ರೆ ಆಗ್ತದಾ? ಮತ್ತೆ ಕಬ್ಬಿಣದ ಮಾತ್ರೆಗೆ ಹೊಟ್ಟೆ ತೊಳೆಸ್ತದೆ ಅಂತಾಳೆ, ಎಂತ ಮಾಡುದು?


ಕಂಕನಾಡಿ ಸಿಸ್ಟರ್:

ಒಳ್ಳೇದಾಯ್ತು ತಂಗಿ, ಮಗಳೇ ಬಾಯಿ ಬಿಟ್ಟು ಹೇಳಿದ್ದು ಕೇಳಿ ನನಗೆ ಖುಷಿ ಆಯ್ತು.

ಮಾತ್ರೆಯನ್ನು ರಾತ್ರಿ ಮಲಗುವ ಮೊದಲು ಕೊಟ್ಟು ನೋಡಿ, ಆಗ್ಲೂ ಆಗದಿದ್ರೆ ದಿನ ಬಿಟ್ಟು ದಿನ ಕೊಡ್ಬಹುದಾ ಅಂತ ಡಾಕ್ಟರ್ ಹತ್ರ ಕೇಳಿ, ಹಾಗೆ ಕೊಟ್ರೂ ಮೈಗೆ ಚೆನ್ನಾಗಿ ಹತ್ತುತ್ತದೆ. ಚಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ಬೇಡ, ಲಿಂಬೆ ಶರಬತ್ತಿನ ಜೊತೆ ಒಳ್ಳೇದು. ಮಲ ಕಪ್ಪಾಗ್ತದೆ, ಅದಕ್ಕೆ ಹೆದರ್ಬೇಡಿ, ಅವಳಿಗೂ ಮೊದಲೇ ಹೇಳಿಡಿ. ಹಿಮೋಗ್ಲೋಬಿನ್ 12 ಆದ ಕೂಡ್ಲೇ ನಿಲ್ಲಿಸ್ಲಿಕ್ಕಿಲ್ಲ, ಆಮೇಲೂ ಸುಮಾರು ಮೂರು ತಿಂಗಳು ಕೊಟ್ರೆ ಮಾತ್ರ ಮೈಯಲ್ಲಿ ದಾಸ್ತಾನು ತುಂಬುದು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ ಅದು ಬರದ ಹಾಗೆ ತಡೀಲಿಕ್ಕೆ ಇರುದು, 8.2ಕ್ಕೆ ಅದು ಸಾಕಾಗುದಿಲ್ಲ. ಹಸಿ ಅಕ್ಕಿ ಆಸೆ ಕೆಲವು ವಾರದಲ್ಲಿ ತಾನೇ ಬಿಡ್ತದೆ.

ಟೆಸ್ಟ್ ಮಾತ್ರ ಸಣ್ಣ ಲ್ಯಾಬಲ್ಲಿ ಕೊಡ್ಬೇಡಿ. ಅಲ್ಲಿಂದ ದೂರಕ್ಕೆ ಕಳಿಸುವಾಗ ರಕ್ತವನ್ನು ಹಾಗೇ ಐಸಲ್ಲಿಟ್ರೆ ಈ ಟೆಸ್ಟಲ್ಲಿ ಅಳೆಯುವ, ರಕ್ತ ಹೆಪ್ಪುಗಟ್ಲಿಕ್ಕೆ ಬೇಕಾದ ಆ ಅಂಶ ಇದ್ದದ್ದಕ್ಕಿಂತ ಕಡಿಮೆ ತೋರಿಸ್ತದೆ, ಇಲ್ಲದ ಕಾಯಿಲೆ ಉಂಟು ಅಂತ ಬರ್ತದೆ. ಟೆಸ್ಟ್ ಅಲ್ಲೇ ಮಾಡುವ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿಯೇ ಕೊಡಿ. ಇನ್ನೊಂದು ಕಡೆ ಮಗು ಹೆದರಿದ್ರೆ, ಅತ್ರೆ, ಓಡಿ ಬಂದಿದ್ರೆ, ಜ್ವರ ಇದ್ರೆ ಅದೇ ಅಂಶ ಜಾಸ್ತಿ ತೋರಿಸ್ತದೆ, ಆಗ ಇರುವ ಕಾಯಿಲೆಯೇ ತಪ್ಪಿ ಹೋಗ್ತದೆ. ಬಸ್ಸಿಳಿದು ಸೀದಾ ಸೂಜಿಗೆ ಕೂರಿಸ್ಬೇಡಿ, ಅರ್ಧ ಗಂಟೆ ಆರಾಮಲ್ಲಿ ಕೂತು ಮಾತಾಡಿಸಿ ಆಮೇಲೆ ಕೊಡಿ, ಡಾಕ್ಟರ್ ಹೇಳಿದ್ರೆ ಮುಟ್ಟಿನ ಮೊದಲ ಎರಡು ಮೂರು ದಿನದೊಳಗೆ ಕೊಟ್ರೆ ಇನ್ನೂ ಒಳ್ಳೇದು. ಓ ಗುಂಪಿನ ರಕ್ತದವರಿಗೆ ಇದು ಮೊದಲೇ ಸ್ವಲ್ಪ ಕಡಿಮೆ ಇರ್ತದೆ, ಗುಂಪು ಯಾವುದು ಅಂತ ಚೀಟಿಯಲ್ಲಿ ಬರೆಸಿ. ಒಮ್ಮೆ ನಾರ್ಮಲ್ ಬಂದ್ರೂ ಎರಡನೇ ಸಲ ಮಾಡಿಸಿ ಅಂತ ಹೇಳ್ಬಹುದು, ಹೇಳಿದ್ರೆ ಮಾಡಿಸಿ.